ಮೂರನೆಯ ತುಣುಕು

ಮದರಾಸು
೩ ಅಕ್ಟೋಬರ್ ೧೯೪೮

ಅಪ್ಪನವರಿಗೆ ಆದಿಲಕ್ಷ್ಮಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಹಾಸ್ಟೆಲಿನ ಸಾರು ಮೊದಲಿನಂತೆಯೇ ಇದೆ, ಕುಡಿದೂ ಬದುಕಿದ್ದೇನೆ.

ಡಾಕ್ಟರಾಗಿ ಆರು ತಿಂಗಳು ತುಂಬಿಲ್ಲ, ನಮ್ಮ ಪ್ರೊಫೆಸರು ನನ್ನನ್ನು ರೋಗಿಗಳ ಬಳಿಯಿಂದ ಎಬ್ಬಿಸಿ ಪೆಥಾಲಜಿ ಲ್ಯಾಬಿನಲ್ಲಿ ಕೂರಿಸಿದ್ದಾರೆ. ಇಪ್ಪತ್ತು ವರ್ಷದಿಂದ ನೀವು ಮಾಡುತ್ತಿರುವ ಕೆಲಸದ ಇನ್ನೊಂದು ತುದಿ ಈಗ ನನ್ನದು. ನೀವು ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುತ್ತೀರಿ. ನಾನು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರೋ ಅಲ್ಲವೋ ಬರೆಯಬೇಕು. ಚಿಕ್ಕವಳಿದ್ದಾಗ ನಿಮ್ಮ ಕೈಯ ಫಾರ್ಮಲಿನ್ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದೆನಲ್ಲ, ಈಗ ಹಾಸ್ಟೆಲಿನ ಹುಡುಗಿಯರು ನನ್ನಿಂದ ದೂರ ಕೂರುತ್ತಾರೆ.

ಪ್ರೊಫೆಸರು ಒಂದು ಸಂಶೋಧನೆ ಹಿಡಿದಿದ್ದಾರೆ. ಸ್ತನದ ಕ್ಯಾನ್ಸರಿಗೆ ಆಪರೇಷನ್ ಆದ ಹೆಂಗಸರು ಎಷ್ಟು ವರ್ಷ ಬದುಕುತ್ತಾರೆ ಎಂಬುದು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಹೊಲಿದು ಕಳಿಸುತ್ತೇವೆ, ಆಮೇಲೆ ಯಾರೂ ಕೇಳುವುದಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಮೂವತ್ತಾರರಿಂದ ನಲವತ್ತೆರಡರವರೆಗೆ ಅರವತ್ತೆರಡು ಮಂದಿಗೆ ಆಗಿದೆ. ಆ ವರ್ಷಗಳ ರಿಜಿಸ್ಟರುಗಳನ್ನೂ ಮೇಣದ ಬ್ಲಾಕುಗಳನ್ನೂ ಇಲ್ಲಿಗೆ ಕಳಿಸಬೇಕೆಂದು ನಿಮ್ಮ ಸೂಪರಿಂಟೆಂಡೆಂಟರಿಗೆ ಕಾಗದ ಹೋಗಿದೆ. ಕಟ್ಟಿ ಕಳಿಸುವವರು ನೀವೇ ಆಗಿರುತ್ತೀರಿ. ಹತ್ತಿ ಇಟ್ಟು ಕಟ್ಟಿ.

ಇನ್ನೊಂದು ಕೆಲಸ ನಿಮಗೇ. ಅರವತ್ತೆರಡು ಕಾರ್ಡು ಇಟ್ಟಿದ್ದೇನೆ, ನಿಮ್ಮ ಆಸ್ಪತ್ರೆ ಕಳಿಸಿದ ಪಟ್ಟಿ ನೋಡಿ ಹೆಸರು ವಿಳಾಸ ಬರೆದಿದೆ. ಒಬ್ಬೊಬ್ಬರ ಮನೆಗೂ ಹೋಗಿ ನಾಲ್ಕು ಸಾಲು ತುಂಬಬೇಕು. ಇದ್ದಾರೋ ಇಲ್ಲವೋ. ಇಲ್ಲದಿದ್ದರೆ ಯಾವಾಗ ಹೋದರು. ಇದ್ದರೆ ಆ ಕಡೆಯ ಕೈ ಆಡುತ್ತದೆಯೋ. ಕೊನೆಯದು, ಆಪರೇಷನ್ನಿಗೆ ಒಪ್ಪಿಸಿದವರು ಯಾರು. ಅರ್ಧಕ್ಕರ್ಧ ಹೆಂಗಸರು ಕತ್ತಿಯ ಹೆಸರು ಕೇಳಿಯೇ ಓಡಿಹೋಗುತ್ತಾರೆ, ನಿಂತವರನ್ನು ನಿಲ್ಲಿಸಿದವರು ಯಾರೆಂದು ಪ್ರೊಫೆಸರಿಗೆ ತಿಳಿಯಬೇಕಂತೆ.

ಕಂಟೋನ್ಮೆಂಟಿನ ಗಲ್ಲಿಗಳು ನಿಮಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಇಲ್ಲವೆನ್ನಬೇಡಿ.

ನಿಮ್ಮ ಮಗಳು
ಆದಿಲಕ್ಷ್ಮಿ


ಹಲಸೂರು
೧೪ ಅಕ್ಟೋಬರ್ ೧೯೪೮

ಚಿರಂಜೀವಿ ಆದಿಲಕ್ಷ್ಮಿಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ಮಗಳು ಡಾಕ್ಟರಾಗಿ ಅಪ್ಪನಿಗೆ ಪೋಸ್ಟ್‌ಮ್ಯಾನ್ ಕೆಲಸ ಕೊಡಿಸಿದಳು ಎಂದು ಲ್ಯಾಬಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಬ್ಲಾಕುಗಳನ್ನು ಏಳು ಪೆಟ್ಟಿಗೆಯಲ್ಲಿ ಹತ್ತಿ ಇಟ್ಟು ಕಟ್ಟಿ, ರಿಜಿಸ್ಟರುಗಳ ಜೊತೆ ರೈಲಿಗೆ ಹಾಕಿಸಿದ್ದೇನೆ. ನನಗೆ ಹತ್ತಿಯ ಪಾಠ ಹೇಳಬೇಡ. ನೀನು ಅಕ್ಷರ ಕಲಿಯುವ ಮೊದಲಿನಿಂದ ಈ ಕೈ ಮೇಣ ಮುಟ್ಟಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೈಕಲ್ ಹತ್ತದೆಯೇ ನಿನ್ನ ಅರವತ್ತೆರಡು ಕಾರ್ಡನ್ನೂ ತುಂಬಬಲ್ಲೆ. ಎಲ್ಲರೂ ಸತ್ತಿದ್ದಾರೆ. ನಿಮ್ಮ ಪ್ರೊಫೆಸರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು, ಏಕೆಂದರೆ ಕೊನೆಗೆ ಎಲ್ಲರೂ ನನ್ನ ಮೇಜಿಗೇ ಬರುತ್ತಾರೆ. ಮೊದಲು ಎನಾಮಲ್ ತಟ್ಟೆಯಲ್ಲಿ ಸ್ತನ ಬರುತ್ತದೆ. ವರ್ಷ ಕಳೆದ ಮೇಲೆ ಅದೇ ಹೆಸರಿನ ಕಂಕುಳ ಗಂಟು ಬರುತ್ತದೆ. ಆಮೇಲೆ ಒಂದು ದಿನ ಹೆಣವೇ ಬರುತ್ತದೆ. ರಿಜಿಸ್ಟರಿನಲ್ಲಿ ಹಳೆಯ ನಂಬರು ಹುಡುಕಿ ಹೊಸದರ ಪಕ್ಕ ಬರೆಯುವುದು ನನ್ನ ಕೆಲಸ. ಹಾಗೆ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಡಾಕ್ಟರುಗಳು ಕುಯ್ದು ಕೈ ತೊಳೆದುಕೊಂಡು ಟೀ ಕುಡಿಯುತ್ತಾರೆ, ಮುಂದಿನದನ್ನು ನೋಡುವವನು ನಾನು. ಕುಯ್ಯುವುದೆಂದರೆ ಹಿಂಸೆ ಕೊಟ್ಟು ಕೊಲ್ಲುವುದು ಅಷ್ಟೆ.

ನೀನು ಕೇಳಿದೆ ಎಂದು ಹೋಗುತ್ತೇನೆ. ಸತ್ತವರ ಮನೆ ಬಾಗಿಲು ತಟ್ಟಿ ಯಾವಾಗ ಸತ್ತರು ಎಂದು ಕೇಳಿದರೆ ಪೊರಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ಸಂಶೋಧನೆಗೆ ಅದನ್ನೂ ಒಂದು ಸಾಲು ಸೇರಿಸಿಕೊಳ್ಳಿ.

ನಿನ್ನ ಅಪ್ಪ
ವೆಂಕಟಸ್ವಾಮಿ


ಹಲಸೂರು
೭ ನವೆಂಬರ್ ೧೯೪೮

ಚಿ. ಆದಿಲಕ್ಷ್ಮಿಗೆ ಆಶೀರ್ವಾದ.

ಒಂಬತ್ತು ಕಾರ್ಡು ಇದರೊಡನೆ ಇದೆ. ಮೊದಲ ನಾಲ್ಕು ನಾನು ಹೇಳಿದಂತೆಯೇ. ಐದನೆಯದು ಬ್ಲಾಕ್‌ಪಳ್ಳಿಯದು, ರಸೆಲ್ ಮಾರ್ಕೆಟಿನ ಹಿಂದೆ, ಖುರ್ಷೀದಾ ಎಂಬ ಹೆಂಗಸು, ಮೂವತ್ತೊಂಬತ್ತರಲ್ಲಿ ಬಲಗಡೆ. ಆ ಮೇಣ ಸರಿಯಾಗಿ ಗಟ್ಟಿಯಾಗಿರಲಿಲ್ಲ, ಎರಡು ಸಲ ಸೀಳಿದ್ದೆ, ಅದಕ್ಕೇ ನೆನಪಿದೆ. ಮಾಂಸದಂಗಡಿ ದಾಟಿ ಗಲ್ಲಿಯೊಳಗೆ ಹೋದರೆ ಬಾಗಿಲಲ್ಲಿ ಒಬ್ಬಳು ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಖುರ್ಷೀದಾ ಅವರ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

"ಕ್ಯಾ ಜೀ, ಏನ್ ಕೆಲ್ಸ?" ಎಂದಳು.

ಅವರು ಯಾವಾಗ ತೀರಿಕೊಂಡರು ಎಂದು ತಿಳಿಯಬೇಕಿತ್ತು ಎಂದೆ.

ಮಿಷನ್ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ್ ಹೇಳಿದ್ರು ನಿಮ್ಗೆ ನಾನ್ ಸತ್ತೋದೆ ಅಂತ? ನಮ್ ಸವತಿ ಕಳ್ಸಿದ್ಲಾ? ಹೋಗಿ ಹೇಳಿ ಅವಳ್ಗೆ, ಖುರ್ಷೀದಾ ಇನ್ನೂ ಇಪ್ಪತ್ ವರ್ಷ ಮಿಷನ್ ತುಳೀತಾಳೆ ಅಂತ."

ಆಮೇಲೆ ಆಸ್ಪತ್ರೆಯವನೆಂದು ಹೇಳಿ ಸಮಾಧಾನ ಮಾಡಿದ ಮೇಲೆ ಟೀ ಕೊಟ್ಟಳು. ಒಂಬತ್ತು ವರ್ಷವಾಗಿದೆ. ಕೈ ಆಡುತ್ತದೆ, ನನ್ನ ಮುಂದೆಯೇ ಬಟ್ಟೆ ಕತ್ತರಿಸಿ ತೋರಿಸಿದಳು. ಒಪ್ಪಿಸಿದವನು ಗಂಡ ಅಸ್ಗರ್. "ಒಂದ್ ಹೋದ್ರೆ ಹೋಗ್ಲಿ, ನೀನ್ ಇರು ಅಂದ್ರು," ಎಂದು ಹೇಳುವಾಗ ಸ್ವಲ್ಪ ನಾಚಿದಳು.

ಇವಳೊಬ್ಬಳು ಹೇಗೋ ತಪ್ಪಿಸಿಕೊಂಡಿದ್ದಾಳೆ ಎಂದುಕೊಂಡು ಮುಂದೆ ಹೋದೆ. ಒಂಬತ್ತರಲ್ಲಿ ಮೂವರು ಇದ್ದಾರೆ ಆದಿಲಕ್ಷ್ಮಿ. ಇವರು ಯಾರೂ ಒಂದು ದಿನವೂ ನನ್ನ ಮೇಜಿಗೆ ಮರಳಿ ಬರಲಿಲ್ಲ. ನನಗೆ ತಲೆ ಸರಿಯಿಲ್ಲ. ಬಿಸಿಲಿಗೆ ಇರಬೇಕು.

ನಿನ್ನ ಅಪ್ಪ
ವೆಂಕಟಸ್ವಾಮಿ


ಮದರಾಸು
೨೧ ನವೆಂಬರ್ ೧೯೪೮

ಅಪ್ಪನವರಿಗೆ ನಮಸ್ಕಾರ.

ಖುರ್ಷೀದಾ ಅವರ ವಿಷಯ ಪ್ರೊಫೆಸರಿಗೆ ಓದಿ ಹೇಳಿದೆ. ಬಹಳ ಹೊತ್ತು ನಕ್ಕರು. ಆಮೇಲೆ, "ನಿಮ್ಮ ತಂದೆಗೆ ಒಬ್ಬ ಬದುಕಿದ ರೋಗಿಯನ್ನು ನೋಡಲು ಇಪ್ಪತ್ತು ವರ್ಷ ಬೇಕಾಯಿತು, ನಮ್ಮ ಕಸುಬಿನವರೆಲ್ಲರ ಹಣೆಬರಹ ಇದು," ಎಂದರು. ಗುಣವಾದವರು ಮನೆಗೆ ಹೋಗುತ್ತಾರೆ, ಲ್ಯಾಬಿಗೆ ಬರುವುದಿಲ್ಲ. ಇಷ್ಟು ಸುಲಭದ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ. ನಿಮ್ಮನ್ನು ಗೇಲಿ ಮಾಡುತ್ತಿಲ್ಲ, ನಾನೂ ಸೇರಿಯೇ ಹೇಳುತ್ತಿದ್ದೇನೆ.

ಈಗ ಇನ್ನೊಂದು. ಸಂಶೋಧನೆಗೆ ಎರಡನೆಯ ಭಾಗ ಸೇರಿದೆ. ರಿಜಿಸ್ಟರಿನಲ್ಲಿ "ಕ್ಯಾನ್ಸರ್ ಇಲ್ಲ" ಎಂದು ಬರೆಸಿಕೊಂಡು ಹೋದವರಲ್ಲಿ ಯಾರಾದರೂ ಆಮೇಲೆ ಅದರಿಂದಲೇ ಸತ್ತರೇ ಎಂದು ನೋಡುತ್ತಿದ್ದೇವೆ. ಸತ್ತಿದ್ದರೆ ಆ ಬ್ಲಾಕುಗಳನ್ನು ಮತ್ತೆ ಸೀಳಿ ನೋಡುವುದು. ಮೊದಲ ನೋಟದಲ್ಲಿ ಏನು ತಪ್ಪಿತು ಎಂದು ತಿಳಿಯಬೇಕು.

ಮೊದಲನೆಯ ಹೆಸರು ನಾನೇ ಬರೆದೆ. ೧೯೪೦ನೇ ಇಸವಿ, ನಂಬರ್ ೨೧೪, ಗೋವಿಂದಮ್ಮ, ಹಲಸೂರು.

ಅಮ್ಮನದು ಆಗ ಬರಿಯ ಗಂಟು, ಎರಡು ವರ್ಷದ ಮೇಲೆ ಕೆಟ್ಟದ್ದಾಗಿ ತಿರುಗಿತು ಎಂದು ನೀವು ಹೇಳಿದ್ದಿರಿ. ನಾನು ಆಗಷ್ಟೇ ಇಲ್ಲಿ ಕಾಲೇಜು ಸೇರಿದ್ದೆ, ಏನೂ ಗೊತ್ತಿರಲಿಲ್ಲ, ನಂಬಿದೆ. ಈಗ ಸ್ವಲ್ಪ ಗೊತ್ತಿದೆ. ಅದೇ ಸ್ತನ, ಅದೇ ಜಾಗ. ಹಾಗೆ ತಿರುಗುವುದು ಅಪರೂಪ. ನನಗೆ ನೋಡಬೇಕು.

ಆದಿಲಕ್ಷ್ಮಿ


ಹಲಸೂರು
೧೨ ಡಿಸೆಂಬರ್ ೧೯೪೮

ಚಿ. ಆದಿಲಕ್ಷ್ಮಿಗೆ.

ಇದುವರೆಗೆ ಮೂವತ್ತನಾಲ್ಕು ಮನೆ ಆಯಿತು. ಸತ್ತವರು ಹದಿನಾಲ್ಕು. ಊರು ಬಿಟ್ಟವರು ಒಂಬತ್ತು, ಗೋರಾ ದೊರೆಗಳ ಬಂಗಲೆಗಳಲ್ಲಿ ಕೆಲಸಕ್ಕಿದ್ದವರು, ಅವರ ಜೊತೆಗೆ ಇವರೂ ಎದ್ದುಹೋಗಿದ್ದಾರೆ. ಬದುಕಿರುವವರು ಹನ್ನೊಂದು.

ಹನ್ನೊಂದು ಮಂದಿಯನ್ನೂ ಕಣ್ಣಾರೆ ನೋಡಿದೆ. ಒಬ್ಬಳು ಹಲಸೂರು ಕೆರೆಯ ಏರಿಯ ಕೆಳಗೇ ಇದ್ದಾಳೆ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಪ್ರತಿ ಶುಕ್ರವಾರ ಅವಳ ಹತ್ತಿರವೇ ಹೂ ಕೊಳ್ಳುತ್ತಿದ್ದೆವು, ನೀನೂ ಕೊಂಡಿದ್ದೀಯೆ. ಅವಳ ಸೀರೆಯ ಸೆರಗಿನ ಒಳಗೆ ಒಂದು ಕಡೆ ಖಾಲಿ ಎಂದು ನನಗೆ ಗೊತ್ತಿರಲಿಲ್ಲ. ಅವಳ ನಂಬರು ಹಾಕಿದವನು ನಾನೇ, ಅವಳ ಮುಖ ನೋಡಿರಲಿಲ್ಲ. "ಏನ್ ಸಾಮಿ, ಸೆತ್ತೋಗಿಲ್ವಾ ಅಂತ ನೋಡೋಕೆ ಬಂದಿಯಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಮೇಲೆ ಸಿಟ್ಟು ಬಂತು. ಬದುಕಿದ್ದಕ್ಕೆ ಒಬ್ಬಳ ಮೇಲೆ ಸಿಟ್ಟು ಬರುವುದೆಂದರೆ ನನ್ನ ಬುದ್ಧಿ ಎಲ್ಲಿಗೆ ಬಂದಿದೆ ನೋಡು.

ನಿನ್ನ ಅಮ್ಮನ ಬ್ಲಾಕಿನ ವಿಷಯ. ಯುದ್ಧದ ಕಾಲದಲ್ಲಿ ಎಷ್ಟೋ ಕಳೆದುಹೋಗಿವೆ. ನಲವತ್ಮೂರರ ಬೇಸಿಗೆಯಲ್ಲಿ ಕೆಲವು ಕರಗಿ ಒಂದಕ್ಕೊಂದು ಅಂಟಿಕೊಂಡವು. ಸಿಕ್ಕಿದರೂ ಅದರಲ್ಲಿ ಏನಿರುತ್ತದೆ. ಹೋದವಳು ಹೋದಳು. ಅವಳನ್ನು ನಿನ್ನ ಪಟ್ಟಿಯಿಂದ ತೆಗೆದುಬಿಡು ತಾಯಿ. ಹೆತ್ತ ತಾಯಿಯನ್ನು ಗಾಜಿನ ಮೇಲಿಟ್ಟು ನೋಡುವುದು ಒಳ್ಳೆಯದಲ್ಲ.

ಅಪ್ಪ
ವೆಂಕಟಸ್ವಾಮಿ


ಮದರಾಸು
೪ ಜನವರಿ ೧೯೪೯

ಅಪ್ಪನವರಿಗೆ.

ಮದರಾಸಿನ ಮೇ ತಿಂಗಳಿನಲ್ಲೂ ಇಲ್ಲಿಯ ಮೇಣ ಕರಗಿಲ್ಲ. ಬೆಂಗಳೂರಿನ ಬೇಸಿಗೆಗೆ ಕರಗಿತು ಎಂದು ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮಗೆ ವಯಸ್ಸಾಯಿತು ಎಂದುಕೊಂಡೆ.

ಅಮ್ಮನ ಬ್ಲಾಕು ಕಳೆದಿಲ್ಲ. ನೀವೇ ಕಟ್ಟಿದ ಐದನೆಯ ಪೆಟ್ಟಿಗೆಯಲ್ಲಿ ಇತ್ತು. ೨೧೪ ಎ, ೨೧೪ ಬಿ. ನಿಮ್ಮ ಪೆನ್ಸಿಲಿನ ದುಂಡನೆಯ ಅಕ್ಷರ. ಎರಡನ್ನೂ ನಾನೇ ಮೇಲಿಂದ ಬುಡದವರೆಗೆ ಸೀಳಿದೆ. ಎಪ್ಪತ್ತು ಗಾಜು ನೋಡಿದೆ. ಕ್ಯಾನ್ಸರ್ ಇಲ್ಲ, ಒಂದು ಕಣವೂ ಇಲ್ಲ. ಆಗ ನಿಮ್ಮ ಲ್ಯಾಬಿನ ಡಾಕ್ಟರಾಗಿದ್ದ ಮೇಜರ್ ಪೆಂಬರ್ಟನ್ ಕೊಟ್ಟ ವರದಿ ಸರಿ ಎಂದು ಒಪ್ಪಿಕೊಂಡು ರಿಜಿಸ್ಟರು ಮುಚ್ಚಬೇಕೆಂದಿದ್ದೆ.

ಆಗ ಆತನ ಕೈಬರಹದ ಸಾಲು ಓದಿದೆ. ಗಡ್ಡೆಯನ್ನು ಕಣ್ಣಿನಲ್ಲಿ ನೋಡಿ ಕತ್ತರಿಸುವಾಗ ಡಾಕ್ಟರೇ ಬರೆಯುತ್ತಾರಲ್ಲ, ಆ ಸಾಲು. "ನೆಲ್ಲಿಕಾಯಿ ಗಾತ್ರ. ಕಂಕುಳಲ್ಲಿ ಗಂಟಿಲ್ಲ. ಮೂರು ತುಣುಕು ಕೊಟ್ಟಿದೆ."

ಮೂರು. ಎ, ಬಿ, ಸಿ ಇರಬೇಕು. ಸಿ ಎಲ್ಲಿ?

ಮೂರು ತುಣುಕು ಕೊಟ್ಟು, ಎರಡೇ ಗಾಜು ನೋಡಿ, ಮೂರನೆಯದು ಏನಾಯಿತೆಂದು ಕೇಳದೆ "ಇಲ್ಲ" ಎಂದು ಸಹಿ ಹಾಕಿದ್ದಾನೆ ಆ ಮಹಾರಾಯ. ಆತ ಈಗ ಕೂನೂರಿನಲ್ಲಿ ಗುಲಾಬಿ ಬೆಳೆಸಿಕೊಂಡು ಇದ್ದಾನಂತೆ. ಅಲ್ಲಿಗೆ ಕಾಗದ ಬರೆದಿದ್ದೇನೆ. ಉತ್ತರ ಸರಿಯಿಲ್ಲದಿದ್ದರೆ ಮಾರ್ಚಿನ ಡಾಕ್ಟರುಗಳ ಸಭೆಯಲ್ಲಿ ಈ ಕೇಸನ್ನು ಆತನ ಹೆಸರು ಹಿಡಿದೇ ಓದುತ್ತೇನೆ. ಅಮ್ಮನನ್ನು ಕೊಂದದ್ದು ಕ್ಯಾನ್ಸರಲ್ಲ ಅಪ್ಪ, ಆತನ ಅಸಡ್ಡೆ.

ನಿಮಗೆ ಏನಾದರೂ ನೆನಪಿದ್ದರೆ ಬರೆಯಿರಿ.

ಆದಿಲಕ್ಷ್ಮಿ


ಮದರಾಸು
೩೦ ಜನವರಿ ೧೯೪೯

ಅಪ್ಪನವರಿಗೆ.

ನಿಮ್ಮಿಂದ ಕಾಗದವಿಲ್ಲ, ಕಾರ್ಡೂ ಇಲ್ಲ.

ಕೂನೂರಿನಿಂದ ಉತ್ತರ ಬಂದಿದೆ. ಕೈ ನಡುಗುವ ಮುದುಕನ ಬರಹ. ನಾನು ಬೈದು ಬರೆದಿದ್ದಕ್ಕೆ ಆತ ಬೈದಿಲ್ಲ. ಆತ ಹೇಳುವುದಿಷ್ಟು. "ಗೋವಿಂದಮ್ಮ ನನ್ನ ಲ್ಯಾಬಿನವನ ಹೆಂಡತಿಯಾದ್ದರಿಂದ ಚೆನ್ನಾಗಿ ನೆನಪಿದೆ. ಎರಡು ಗಾಜು ನೋಡಿ, ಮೂರನೆಯದು ಎಲ್ಲಿ ಎಂದು ವೆಂಕಟಸ್ವಾಮಿಯನ್ನು ಕೇಳಿದೆ. ಅದು ಬರಿಯ ಕೊಬ್ಬು, ಮೇಣದಲ್ಲಿ ನಿಲ್ಲಲಿಲ್ಲ, ಪುಡಿಯಾಯಿತು ಎಂದ. ಕೊಬ್ಬು ಹಾಗೆ ಆಗುವುದುಂಟು. ನನ್ನ ಕಣ್ಣಿಗಿಂತ ಅವನ ಕೈಯನ್ನು ಹೆಚ್ಚು ನಂಬಿದ್ದೆ. ಈಗಲೂ ನಂಬುತ್ತೇನೆ."

ಆತ ಸುಳ್ಳು ಹೇಳುತ್ತಿದ್ದಾನೆಯೇ?

ಒಂದೇ ಸಾಲು ಬರೆದರೆ ಸಾಕು. ಹೌದು ಅಥವಾ ಅಲ್ಲ.

ಆದಿಲಕ್ಷ್ಮಿ


ಹಲಸೂರು
೧೬ ಫೆಬ್ರವರಿ ೧೯೪೯

ಆದಿಲಕ್ಷ್ಮಿಗೆ.

ಮೇಜರ್ ಸುಳ್ಳು ಹೇಳಿಲ್ಲ. ಆ ಮನುಷ್ಯನ ಹೆಸರನ್ನು ಸಭೆಯಲ್ಲಿ ಎತ್ತಬೇಡ. ಒಂದೇ ಸಾಲು ಸಾಕು ಎಂದೆ, ಆದರೆ ಒಂದೇ ಸಾಲಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಇದರೊಡನೆ ರಿಜಿಸ್ಟರ್ ಟಪಾಲಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಬರುತ್ತದೆ. ಒಳಗೆ ೨೧೪ ಸಿ ಇದೆ. ಪುಡಿಯಾಗಿಲ್ಲ. ಎಂಟೂವರೆ ವರ್ಷದಿಂದ ಮನೆಯಲ್ಲಿದೆ. ಬೇಸಿಗೆ ಬಂದಾಗಲೆಲ್ಲ ಡಬ್ಬಿಯನ್ನು ನೀರಿನ ಮಡಕೆಯ ಪಕ್ಕಕ್ಕೆ ಸರಿಸಿ ಇಡುತ್ತಿದ್ದೆ. ಕರಗುವುದಿಲ್ಲವೆಂದು ನನಗೂ ಗೊತ್ತು. ಎಸೆಯಬಹುದಿತ್ತಲ್ಲ ಎನ್ನುತ್ತೀಯೆ. ಬ್ಲಾಕು ಎಸೆದು ಗೊತ್ತಿಲ್ಲದ ಕೈ ಇದು.

ಅವತ್ತು ಮೂರನ್ನೂ ಸೀಳಿ ಬಣ್ಣ ಹಾಕಿದೆ. ಡಾಕ್ಟರ ಮೇಜಿಗೆ ಇಡುವ ಮೊದಲು ನಾನೊಮ್ಮೆ ನೋಡುವ ಅಭ್ಯಾಸವಿತ್ತು. ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಬಂದದ್ದು. ಎ ಚೆನ್ನಾಗಿತ್ತು. ಬಿ ಚೆನ್ನಾಗಿತ್ತು. ಸಿ ಇಟ್ಟು ಕಣ್ಣು ಬಗ್ಗಿಸಿದೆ, ಅಲ್ಲಿತ್ತು. ಯಾವ ಡಾಕ್ಟರನ್ನೂ ಕೇಳಬೇಕಾಗಿರಲಿಲ್ಲ.

ಆ ಗಾಜು ಮೇಜಿನ ಮೇಲೆ ಹೋದರೆ ಮುಂದೇನೆಂದು ನನಗೆ ಗೊತ್ತಿತ್ತು. ಮೂರನೆಯ ದಿನ ಎನಾಮಲ್ ತಟ್ಟೆಯಲ್ಲಿ ಅವಳದು ನನ್ನ ಮೇಜಿಗೇ ಬರುತ್ತದೆ. ನಾನೇ ನಂಬರು ಹಾಕಬೇಕು, ನಾನೇ ಮೇಣಕ್ಕೆ ಹಾಕಬೇಕು. ನನ್ನ ಜೊತೆ ಕೆಲಸ ಮಾಡುವವರೆಲ್ಲ ನನ್ನ ಹೆಂಡತಿಯ ಮೈಯನ್ನು ತಟ್ಟೆಯಲ್ಲಿ ನೋಡುತ್ತಾರೆ. ಆಮೇಲೆ ವರ್ಷದೊಳಗೆ ಕಂಕುಳ ಗಂಟು. ಆಮೇಲೆ ಅವಳೇ. ನಾನು ನೋಡಿದ ಎಲ್ಲರಿಗೂ ಹಾಗೆಯೇ ಆಗಿತ್ತು. ಸಾಯುವುದು ಸಾಯುವುದೇ, ಇಡೀ ಮೈಯಲ್ಲಿ ಸಾಯಲಿ, ಹಿಂಸೆಯಿಲ್ಲದೆ ಇನ್ನೊಂದೆರಡು ವರ್ಷ ಗಂಡ ಮಗಳ ಜೊತೆ ಇರಲಿ ಎಂದುಕೊಂಡೆ. ಅವಳಿಗೂ ಕತ್ತಿ ಎಂದರೆ ಭಯ. ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ನನಗೆ ಗೊತ್ತಿತ್ತು.

ಡಾಕ್ಟರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಜಂಬವೂ ಇತ್ತು. ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಅರ್ಧ ಸುಳ್ಳಾಗುತ್ತದೆ.

ಅವತ್ತು ಸಾಯಂಕಾಲ ಮನೆಗೆ ಬಂದೆ. ನೀನು ಜಗಲಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಅವಳು ಸೀಗೇಪುಡಿ ತಂದು ನನ್ನ ಕೈಗೆ ಹಾಕಿ ನೀರು ಸುರಿದಳು, ಫಾರ್ಮಲಿನ್ ವಾಸನೆ ಹೋಗಲಿ ಎಂದು. ದಿನವೂ ಮಾಡುತ್ತಿದ್ದಂತೆ. ಏನೂ ಇಲ್ಲವಂತೆ, ಬರೀ ಗಂಟಂತೆ ಎಂದೆ. "ನೀವೇ ನೋಡಿದ್ರಾ?" ಎಂದಳು. ನಾನೇ ನೋಡಿದೆ ಎಂದೆ. ಅಷ್ಟೆ, ಇನ್ನೊಂದು ಮಾತು ಕೇಳಲಿಲ್ಲ. ಎರಡು ವರ್ಷ ಅದರ ಮಾತೇ ಎತ್ತಲಿಲ್ಲ. ಕೊನೆಗೆ ಹುಣ್ಣು ಒಡೆದು ವಾಸನೆ ಬಂದಾಗಲೂ, ಇದು ಬೇರೆ ಯಾವುದೋ ಇರಬೇಕು, ಅದನ್ನ ನೀವು ನೋಡಿದ್ರಲ್ಲ ಎಂದಳು.

ಹಿಂಸೆ ತಪ್ಪಲಿಲ್ಲ. ನೀನು ಬರುವ ಹೊತ್ತಿಗೆ ಮುಗಿದಿತ್ತು, ನೀನು ನೋಡಲಿಲ್ಲ. ನಾನು ನೋಡಿದೆ.

ನೀನು ಈ ಕಾರ್ಡುಗಳನ್ನು ಕೊಡದಿದ್ದರೆ ನಾನು ಮಾಡಿದ್ದು ಸರಿ ಎಂದುಕೊಂಡೇ ಸಾಯುತ್ತಿದ್ದೆ. ಹನ್ನೊಂದು ಮಂದಿ ಹೆಂಗಸರು ನನಗೆ ಟೀ ಕೊಟ್ಟರು ಆದಿಲಕ್ಷ್ಮಿ. ಒಂದನ್ನೂ ಬೇಡವೆನ್ನಲಿಲ್ಲ, ಪೂರ್ತಿ ಕುಡಿದೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ನೀನು ಕ್ಷಮಿಸುವಂಥದ್ದಲ್ಲ, ಕ್ಷಮಿಸಬೇಕಾದವಳು ಇಲ್ಲ.

ವೆಂಕಟಸ್ವಾಮಿ


ಮದರಾಸು
೩ ಏಪ್ರಿಲ್ ೧೯೪೯

ಶ್ರೀ ವೆಂಕಟಸ್ವಾಮಿಯವರಿಗೆ.

ಡಬ್ಬಿ ತಲುಪಿತು. ಬ್ಲಾಕು ಚೆನ್ನಾಗಿದೆ. ಒಳ್ಳೆಯ ಕೈಯಲ್ಲಿ ಮಾಡಿದ ಬ್ಲಾಕು, ಸೀಳುವಾಗ ಒಂದು ಪದರವೂ ಹರಿಯಲಿಲ್ಲ.

ಕ್ಯಾನ್ಸರ್ ಇದೆ. ಚಿಕ್ಕದು. ಸುತ್ತಲಿನ ರಕ್ತನಾಳಗಳಿಗೆ ಇಳಿದಿರಲಿಲ್ಲ. ಕಂಕುಳಲ್ಲಿ ಗಂಟಿಲ್ಲವೆಂದು ಮೇಜರ್ ಪೆಂಬರ್ಟನ್ ಬರೆದಿದ್ದರು. ಅವರಿಗೆ ಕ್ಷಮೆ ಕೇಳಿ ಕಾಗದ ಬರೆದಿದ್ದೇನೆ, ಕಾರಣ ಬರೆದಿಲ್ಲ. ಅವರು ನಿಮ್ಮ ಕೈಯನ್ನು ಈಗಲೂ ನಂಬುತ್ತಾರೆ, ನಂಬಿಕೊಂಡಿರಲಿ.

ನೀವು ಕಳಿಸಿದ ಕಾರ್ಡುಗಳಲ್ಲಿ ಗಡ್ಡೆ ಇಷ್ಟೇ ಚಿಕ್ಕದಾಗಿದ್ದು ಕಂಕುಳಿಗೆ ಹಬ್ಬದೆ ಇದ್ದವರು ಹದಿಮೂರು ಮಂದಿ. ಅವರಲ್ಲಿ ಒಂಬತ್ತು ಮಂದಿ ಬದುಕಿದ್ದಾರೆ. ಇದನ್ನು ನಾನು ನಿಮಗೆ ಬರೆಯಬೇಕೋ ಬೇಡವೋ ಎಂದು ಒಂದು ತಿಂಗಳು ಯೋಚಿಸಿದೆ. ನೀವು ನನ್ನ ತಂದೆ, ಒಬ್ಬರೇ ಇದ್ದೀರಿ, ಬರೆಯಬಾರದು ಎನಿಸಿತು. ಆಮೇಲೆ, ಗೊತ್ತಿದ್ದನ್ನು ಒಬ್ಬರಿಗೆ ಹೇಳದೆ ಅವರ ಒಳ್ಳೆಯದಕ್ಕೇ ಮುಚ್ಚಿಡುವುದು ನಮ್ಮ ಮನೆಯಲ್ಲಿ ಒಮ್ಮೆ ಆಗಿದೆ, ಸಾಕು ಎನಿಸಿತು.

ನೀವು ಅಮ್ಮನನ್ನು ಕೇಳಲಿಲ್ಲ. ಅದೊಂದನ್ನು ನನ್ನಿಂದ ದಾಟಲು ಆಗುತ್ತಿಲ್ಲ. ಗಾಜು ಬಚ್ಚಿಟ್ಟದ್ದನ್ನು ಒಂದು ದಿನ ಮರೆತೇನು. ಅವಳ ಮೈ, ಅವಳ ಸಾವು, ಅವಳನ್ನು ಒಂದು ಮಾತು ಕೇಳಲಿಲ್ಲ.

ಸಭೆಯಲ್ಲಿ ಕೇಸನ್ನು ಹೆಸರಿಲ್ಲದೆ ಓದಿದೆ. "ಲ್ಯಾಬಿನಲ್ಲಿ ಒಂದು ತುಣುಕು ತಪ್ಪಿಹೋಯಿತು, ಆಪರೇಷನ್ ಆಗಲಿಲ್ಲ, ಎರಡು ವರ್ಷ ಐದು ತಿಂಗಳಿಗೆ ಸಾವು." ಯಾರೋ ಒಬ್ಬರು ಎದ್ದು ಆ ಲ್ಯಾಬಿನವನಿಗೆ ಏನು ಶಿಕ್ಷೆಯಾಯಿತು ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಇನ್ನು ಇಪ್ಪತ್ತೆಂಟು ಕಾರ್ಡು ಖಾಲಿ ಇವೆ. ಬೇರೆ ಯಾರನ್ನಾದರೂ ಕಳಿಸೋಣವೇ ಎಂದು ಪ್ರೊಫೆಸರು ಕೇಳಿದರು. ಬೇಡ ಎಂದಿದ್ದೇನೆ. ನೀವೇ ಹೋಗಬೇಕು. ಪ್ರತಿಯೊಂದು ಮನೆಗೂ.

ಆದಿಲಕ್ಷ್ಮಿ


ಹಲಸೂರು
೧೯ ಜೂನ್ ೧೯೪೯

ಡಾಕ್ಟರ್ ಆದಿಲಕ್ಷ್ಮಿಯವರಿಗೆ.

ಇಪ್ಪತ್ತೆಂಟು ಕಾರ್ಡೂ ಇದರೊಡನೆ ಇದೆ. ಬದುಕಿರುವವರು ಹತ್ತು. ಇಪ್ಪತ್ತೇಳರ ಬಗ್ಗೆ ಹೇಳುವುದೇನೂ ಇಲ್ಲ, ಕಾರ್ಡಿನಲ್ಲಿ ಇದೆ. ಕೊನೆಯದರ ಬಗ್ಗೆ ಬರೆಯಬೇಕು.

ವಿಳಾಸ ಹೊರಮಾವು ಎಂದು ಮಾತ್ರ ಇತ್ತು. ಕೃಷ್ಣರಾಜಪುರದ ರಸ್ತೆ ಹಿಡಿದು, ನಡುವೆ ಸೈಕಲ್ ಪಂಕ್ಚರ್ ಆಗಿ, ಕೆರೆ ಬಳಸಿಕೊಂಡು ತಳ್ಳಿಕೊಂಡೇ ಹೋದೆ. ಹುಲ್ಲಿನ ಹೊರೆ ಹೊತ್ತು ಒಬ್ಬಳು ಎದುರು ಬಂದಳು. ಬಲಗೈಯಲ್ಲಿ ಹೊರೆ ಹಿಡಿದಿದ್ದಳು, ಎಡಗೈ ಸೊಂಟದ ಮೇಲೆ. ಆ ಎಡಗೈ ನೋಡಿಯೇ ತಿಳಿಯಿತು, ಈಗ ನನಗೆ ದೂರದಿಂದಲೇ ತಿಳಿಯುತ್ತದೆ. ಪಿಳ್ಳಮ್ಮ ನೀವೇನಾ ಎಂದೆ.

ಹೊರೆ ಇಳಿಸಿ ಬಹಳ ಹೊತ್ತು ನನ್ನನ್ನೇ ನೋಡಿದಳು. "ನೀವು ಲ್ಯಾಬಿನೋರಲ್ವಾ? ಗೋವಿಂದಮ್ಮನ ಯಜಮಾನ್ರು?"

ಹೌದೆಂದೆ. ಅವಳೇ ಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿ ಮಜ್ಜಿಗೆ ಕೊಟ್ಟಳು. ನಲವತ್ತರ ಆಗಸ್ಟಿನಲ್ಲಿ ನಿನ್ನ ಅಮ್ಮನೂ ಅವಳೂ ಮೂರು ದಿನ ಒಂದೇ ಬೆಂಚಿನ ಮೇಲೆ ಕೂತಿದ್ದರಂತೆ, ಗಂಟಿನ ಚೂರು ತೆಗೆಸುವುದಕ್ಕೆ. ನಾನು ಒಮ್ಮೆ ಹೊರಗೆ ಬಂದು ನಿನ್ನ ಅಮ್ಮನನ್ನು ಮಾತಾಡಿಸಿದ್ದೆನಂತೆ, ಅದಕ್ಕೇ ಗುರುತು.

"ನಾನು ಓಡೋಗ್ಬೇಕು ಅಂತ ಗಂಟ್ ಕಟ್ಕೊಂಡಿದ್ದೆ," ಎಂದಳು. "ಆಯಮ್ಮ ಕೈ ಹಿಡ್ಕೊಂಡು ಕೂರಿಸ್ಕೊಂಡ್ಲು. 'ಕುಯ್ಯೋದಾದ್ರೆ ಕುಯ್ಲಿ ಬಿಡು ಪಿಳ್ಳಮ್ಮ. ನಾನಂತೂ ಕುಯ್ಸ್ಕೊಂತೀನಿ. ನಮ್ ಹುಡ್ಗಿ ಡಾಕ್ಟ್ರಾಗೋದ್ನ ನೋಡ್ಬೇಕು ನಾನು. ನಮ್ ಯಜಮಾನ್ರು ಒಳ್ಗೇ ಅವ್ರೆ, ಇದ್ದಿದ್ದು ಇದ್ದಂಗೆ ಹೇಳ್ತಾರೆ' ಅಂದ್ಲು. ಅವಳ ಧೈರ್ಯ ನೋಡಿ ನಾನು ಒಪ್ಕೊಂಡೆ. ಇವತ್ತು ಮೊಮ್ಮಕ್ಕಳ್ನ ಎತ್ಕೊಂಡಿದೀನಿ ಅಂದ್ರೆ ಆ ತಾಯಿ ಮಾತು."

ಹೇಳುತ್ತಲೇ ಒಳಗಿನಿಂದ ಹುರುಳಿ ತಂದು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಗೋವಿಂದಮ್ಮನಿಗೆ ಕೊಡಿ, ಪಿಳ್ಳಮ್ಮ ಕೊಟ್ಳು ಅನ್ನಿ ಎಂದಳು. "ಎಂಗವ್ಳೆ ಈಗ? ಮಗಳು ಡಾಕ್ಟ್ರಾದ್ಲಾ?"

ಚೆನ್ನಾಗಿದ್ದಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಂಟು ವರ್ಷ ಮುಚ್ಚಿಟ್ಟ ರೂಢಿ. ನುಂಗಿಕೊಂಡೆ. ಮಗಳು ಡಾಕ್ಟರಾದಳು, ಗೋವಿಂದಮ್ಮ ತೀರಿಕೊಂಡು ಆರು ವರ್ಷವಾಯಿತು, ಅವಳಿಗೆ ಆಪರೇಷನ್ ಆಗಲಿಲ್ಲ ಎಂದೆ.

"ಯಾಕೆ? ಅವಳೇ ನಂಗೆ ಹೇಳಿದ್ಲಲ್ಲ, ಕುಯ್ಸ್ಕೊಂತೀನಿ ಅಂತ."

ಕ್ಯಾನ್ಸರ್ ಇದೆ ಎಂದು ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ ಎಂದೆ.

ಪಿಳ್ಳಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುರುಳಿಯ ಗಂಟನ್ನು ಸ್ವಲ್ಪ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆಮೇಲೆ ಎದ್ದು ಅದನ್ನು ಒಳಗೆ ಇಟ್ಟು ಬಂದು, ನನ್ನ ಮುಖ ನೋಡದೆ, "ದಾರಿ ದೂರ ಐತೆ, ಹೊರಡಿ," ಎಂದಳು.

ನಿನ್ನ ಅಮ್ಮನಿಗೆ ಕತ್ತಿಯ ಭಯವಿತ್ತು ಎಂದು ನಿನಗೆ ಬರೆದಿದ್ದೆ. ಅದು ಸುಳ್ಳು. ಭಯ ಇದ್ದದ್ದು ನನಗೆ. ಫೆಬ್ರವರಿಯ ಕಾಗದದಲ್ಲಿ ಆ ಸಾಲು ತಿದ್ದಿಕೋ.

ಹೊರಮಾವಿನ ಕೆರೆಯ ಏರಿಯ ಮೇಲೆ ಕೂತು ಕಾರ್ಡು ತುಂಬಿದೆ. ಅಕ್ಷರ ಓರೆಯಾಗಿದೆ, ಆದ್ದರಿಂದ ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ. ನಂಬರ್ ೬೨, ಪಿಳ್ಳಮ್ಮ, ಹೊರಮಾವು. ಇದ್ದಾರೆ. ಎಡಗೈ ಪೂರ್ತಿ ಎತ್ತಲು ಆಗುವುದಿಲ್ಲ, ಹೊರೆ ಹೊರುತ್ತಾರೆ. ಆಪರೇಷನ್ನಿಗೆ ಒಪ್ಪಿಸಿದವರು: ಗೋವಿಂದಮ್ಮ, ಹಲಸೂರು.

ವೆಂಕಟಸ್ವಾಮಿ